ಟೈರ್ ಬದಲಿಸೋ ಖರ್ಚಿನ ಕಥಿ

ಮಳಿಗಾಲ ಹತ್ರ ಬಂತಂದ್ರ ನಮ್ಮ ಕಡೆ ಮನಿಮನ್ಯಾಗೂ ಒಂದು ಮಾತು ಏಳ್ತದ ನೋಡ್ರಿ. "ಗಾಡಿ ಟೈರ್ ಅಗದಿ ಸವದಾವ, ಹಾಕಿಸಬೇಕು." ಅದರ ಬೆನ್ನಿಗೇ ಇನ್ನೊಂದು ಮಾತು. "ಮುಂದಿನ ಪಗಾರಕ್ಕ ನೋಡೋಣಂತ." ಶಾಲಿ ಫೀ, ಗ್ಯಾಸು, ಹಬ್ಬ ಎಲ್ಲಾ ಮುಗದು ಉಳಿದ ರೊಕ್ಕದಾಗ ಟೈರ್ ಬರಬೇಕು. ಹಿಂಗಾಗಿ ಅದು ಯಾವಾಗಲೂ ಸಾಲಿನ ಕಡೀಗೆ ನಿಂತಿರ್ತದ.

ಈ ಖರ್ಚಿನ್ಯಾಗ ಎರಡು ಭಾಗ ಅವ. ಒಂದು ರಬ್ಬರಿನ ಬೆಲಿ, ಇನ್ನೊಂದು ಬಿಚ್ಚಿ ಹಾಕೋ ಕೆಲಸದ ಕೂಲಿ. ನಾವು ಬೆಲಿ ಅಷ್ಟೇ ಕೇಳ್ತೀವಿ. ಆದ್ರ ಹಿಂದಿನ ಕಥಿ ತಗದು ನೋಡಿದ್ರ, ಟೈರ್ ಬದಲಿಸೋದು ಅಗ್ಗ ಆದದ್ದು ಹೆಚ್ಚಾಗಿ ಬಿಚ್ಚೋ ಕೆಲಸ ಹಗರ ಆದಾಗ. ಈ ಗುಟ್ಟು ಗೊತ್ತಿದ್ರ ಇವತ್ತೂ ನಾಕು ರೂಪಾಯಿ ಉಳಿಸಬಹುದು.

ರಬ್ಬರ್ ಬರೋಕಿಂತ ಮೊದಲೂ ಗಾಲಿಗೆ ಒಂದು ಟೈರ್ ಇತ್ತು. ನಮ್ಮ ಚಕ್ಕಡಿ ಗಾಲಿ ನೆನಸ್ಕೋರಿ. ಕಟ್ಟಿಗಿ ಗಾಲಿ ಸುತ್ತ ಕಬ್ಬಿಣದ ಪಟ್ಟಿ ಇರ್ತಿತ್ತಲ್ಲ, ಅದೇ. ಪಟ್ಟಿ ಬಳೀನ ಗಾಲಿಗಿಂತ ಒಂಚೂರು ಸಣ್ಣದು ಮಾಡಿ, ಬೆಂಕ್ಯಾಗ ಕೆಂಪಗೆ ಕಾಯಿಸ್ತಿದ್ರು. ಕಾದ ಕಬ್ಬಿಣ ಹಿಗ್ಗತದ. ಇಕ್ಕಳದಿಂದ ಎತ್ತಿ ಗಾಲಿ ಮ್ಯಾಲ ಕೂಡಿಸಿ ಚುರ್ ಅಂತ ನೀರು ಹಾಕಿದ್ರ ಕುಗ್ಗಿ ಗಟ್ಟಿ ಹಿಡೀತಿತ್ತು. ಬಡಿಗ್ಯಾರ, ಕಂಬಾರ ಇಬ್ಬರದೂ ಕೈ ಬೇಕು. ಅವರಿಗೆ ಕೈಯಾಗ ರೊಕ್ಕ ಕೊಡೋದಲ್ಲ, ಸುಗ್ಗಿಯೊಳಗ ಆಯ ಅಂತ ಜೋಳ ಅಳದು ಕೊಡೋದು. ಖರ್ಚು ವರ್ಷದಾಗ ಹಂಚಿ ಹೋಗ್ತಿತ್ತು, ಖರೇ. ಆದ್ರ ಮನಿ ಮಂದಿ ತಾವೇ ಮಾಡೋ ಕೆಲಸ ಅದಾಗಿರಲಿಲ್ಲ.

ಗಾಳಿ ತುಂಬಿದ ಟೈರಿಗೆ 1845ರಾಗ ಸ್ಕಾಟ್‌ಲೆಂಡಿನ ರಾಬರ್ಟ್ ಥಾಮ್ಸನ್ ಅನ್ನಾಂವ ಪೇಟೆಂಟ್ ತಗೊಂಡಿದ್ದ. ಆಗ ರಬ್ಬರ್ ಭಾಳ ತುಟ್ಟಿ, ಹಿಂಗಾಗಿ ಜನ ಮರತೇ ಬಿಟ್ರು. 1888ರಾಗ ಬೆಲ್‌ಫಾಸ್ಟ್ ಊರಾಗ ಜಾನ್ ಡನ್‌ಲಪ್ ಅನ್ನೋ ದನದ ಡಾಕ್ಟರ್ ತನ್ನ ಮಗನ ಮೂರು ಗಾಲಿ ಸೈಕಲ್ಲಿಗೆ ಮತ್ತ ಅದನ್ನೇ ಮಾಡಿದ. ಸವಾರಿ ಮೆತ್ತಗಾತು. ಆದ್ರ ಆ ಟೈರ್ ಗಾಲಿಗೆ ಅಂಟು ಹಚ್ಚಿ ಕೂಡಿಸಿದ್ದು. ಮುಳ್ಳು ಚುಚ್ಚಿದ್ರ ಎಲ್ಲಾ ಕಿತ್ತಿ, ತ್ಯಾಪಿ ಹಾಕಿ, ಮತ್ತ ಅಂಟು ಹಚ್ಚಿ ರಾತ್ರಿಯೆಲ್ಲಾ ಒಣಗಿಸಬೇಕು. ಫ್ರಾನ್ಸಿನ ಮಿಶಲಿನ್ ಅಣ್ಣ-ತಮ್ಮಂದಿರ ಕಾರ್ಖಾನಿಗೆ ಇಂಥಾದೇ ಒಂದು ಸೈಕಲ್ ದುರಸ್ತಿಗೆ ಬಂತು. ಬೇಸತ್ತು ಹೋಗಿ ಅವರು ಕಳಚಿ ಹಾಕೋ ಟೈರ್ ಮಾಡಿದ್ರು. 1891ರಾಗ ಪ್ಯಾರಿಸ್ಸಿನಿಂದ ಬ್ರೆಸ್ಟ್‌ತನಕ ಹೋಗಿ ಬರೋ ದೊಡ್ಡ ಪಂದ್ಯಾಟದಾಗ ಶಾರ್ಲ್ ಟೆರೋಂ ಅನ್ನೋ ಸವಾರ ಅದೇ ಟೈರ್ ಹಾಕ್ಕೊಂಡು ಗೆದ್ದ.

ಅದಕ್ಕೂ ಒಂದು ವರ್ಷ ಮೊದಲು, 1890ರಾಗ, ಇಂಗ್ಲೆಂಡಿನ ಚಾರ್ಲ್ಸ್ ವೆಲ್ಚ್ ಅನ್ನಾಂವ ಟೈರಿನ ಅಂಚಿನ್ಯಾಗ ತಂತಿ ಹಾಕಿದ. ನಮ್ಮ ಗಾಡಿ ಟೈರಿನ ಅಂಚಿನ್ಯಾಗ ಇವತ್ತಿಗೂ ತಂತಿ ಅದ. ಅದು ಹಿಗ್ಗೂದಿಲ್ಲ. ಹಂಗಾರ ರಿಮ್ ಮ್ಯಾಲ ಏರೋದು ಹೆಂಗ? ಬಳಿ ಇಡಿಸ್ಕೊಳ್ಳೋವಾಗ ಬೆರಳು ಕೂಡಿಸಿ ಕೈ ಸಣ್ಣ ಮಾಡ್ತೀವಲ್ಲ, ಅದೇ ಯುಕ್ತಿ. ರಿಮ್ಮಿನ ನಡುವ ಒಂದು ತಗ್ಗು ಇರ್ತದ. ಒಂದು ಕಡೆ ಅಂಚನ್ನ ಆ ತಗ್ಗಿನ್ಯಾಗ ಒತ್ತಿದ್ರ ಎದುರಿಗಿನ ಕಡೆ ಸಡ್ಲ ಆಗಿ ಮ್ಯಾಲ ಬರ್ತದ. ಪಂಚರ್ ಅಂಗಡಿಯಾಂವ ಕಾಲಿಂದ ಒತ್ತಿ, ಇನ್ನೊಂದು ಬಾಜೂಕ ಸಳಿ ಹಾಕಿ ಎತ್ತೋದು ಇದಕ್ಕೇ. ಎರಡು ಸಳಿ, ಒಂದು ಪಂಪು, ಒಂದು ಬುಟ್ಟಿ ನೀರು ಇದ್ರ ಅಂಗಡಿ ತಯಾರ್. ಸಾಮಾನು ಕಡಿಮಿ ಅಂದ್ರ ಕೂಲೀನೂ ಕಡಿಮಿ.

ನಾವೆಲ್ಲಾ ಸ್ಟೆಪ್ನಿ ಸ್ಟೆಪ್ನಿ ಅಂತೀವಲ್ಲ, ಅದು ಒಂದು ಓಣಿ ಹೆಸರು ಅಂದ್ರ ನಂಬ್ತೀರೇನ್ರಿ? ವೇಲ್ಸ್ ದೇಶದ ಲನೆಥ್ಲಿ ಊರಿನ ಸ್ಟೆಪ್ನಿ ಸ್ಟ್ರೀಟ್ ಅದು. ಆಗಿನ ಮೋಟಾರಿಗೆ ಹೆಚ್ಚಿನ ಗಾಲಿ ಇರ್ತಿರಲಿಲ್ಲ. 1904ರಾಗ ಡೇವಿಸ್ ಅನ್ನೋ ಮನಿತನದಾಂವ ಅಲ್ಲಿ ಗಾಳಿ ತುಂಬಿದ ಒಂದು ಬರೀ ರಿಮ್ ಮಾಡಿದ, ಕಡ್ಡಿ ಇಲ್ಲದ್ದು. ಪಂಚರ್ ಆದ ಗಾಲಿ ಬಾಜೂಕ ಅದನ್ನ ಬಿಗದು ಮನಿ ಮುಟ್ಟೋದು. ಆ ಕಂಪನಿ ಹೋತು, ಹೆಸರು ನಮ್ಮ ಬಾಯಾಗ ಉಳೀತು.

ಸ್ಟೆಪ್ನಿಗೆ ಖರೇ ಮರ್ಯಾದಿ ಸಿಕ್ಕಿದ್ದು ಸ್ಕೂಟರಿನ್ಯಾಗ. 1946ರಾಗ ಇಟಲಿಯೊಳಗ ವೆಸ್ಪಾ ಮಾಡಿದ ಕೊರಾದಿನೋ ದಸ್ಕಾನಿಯೋ ವಿಮಾನದ ಎಂಜಿನಿಯರ್. ವಿಮಾನದ ಗಾಲಿ ಹಂಗ ಸ್ಕೂಟರಿನ ಮುಂದಿನ ಗಾಲೀನೂ ಒಂದೇ ಬಾಜೂಕ ಹಿಡಿಯೋ ಹಂಗ ಮಾಡಿದ. ನಟ್ ಬಿಚ್ಚಿದ್ರ ಗಾಲಿ ಕೈಗೆ ಬಂತು. ನಮ್ಮ ದೇಶದಾಗ 1960ರ ದಶಕದಾಗ ಬಜಾಜ್ ಕಂಪನಿ ಅದರ ಲೈಸೆನ್ಸ್ ಮ್ಯಾಲ ಸ್ಕೂಟರ್ ಮಾಡ್ಲಿಕ್ಕೆ ಹತ್ತಿತು. 1972ರಾಗ ಚೇತಕ್ ಬಂತು. ಬುಕ್ ಮಾಡಿ ವರ್ಷಗಟ್ಟಲೆ ಕಾಯೋ ಗಾಡಿ ಅದು.

ಚೇತಕ್‌ನ ಮುಂದಿನ ಗಾಲಿ, ಹಿಂದಿನ ಗಾಲಿ, ಸ್ಟೆಪ್ನಿ ಮೂರೂ ಒಂದೇ ಅಳತಿ. ರಿಮ್ ಎರಡು ಹೋಳು, ನಟ್ ಹಾಕಿ ಕೂಡಿಸಿದ್ದು. ಗಾಳಿ ಪೂರಾ ತಗದು ಹೋಳು ಬಿಚ್ಚಿದ್ರ ಟೈರ್ ತಾನೇ ಹೊರಗ. ಸಳೀನೂ ಬ್ಯಾಡ, ಮಷೀನೂ ಬ್ಯಾಡ. ಗಾಳಿ ತಗೀಲಾರದ ಬಿಚ್ಚಿದ್ರ ಮಾತ್ರ ಹೋಳು ಸಿಡದು ಮುಖಕ್ಕ ಬಡೀತದ, ಅಷ್ಟು ಎಚ್ಚರ ಇರಬೇಕು. ಐತವಾರ ಮುಂಜಾನೆ ಅಂಗಳದಾಗ ಗಂಡಸರು ಪಾನಾ ಹಿಡ್ಕೊಂಡು ಕೂತಿರ್ತಿದ್ದದ್ದು ಭಾಳ ಮಂದಿಗೆ ನೆನಪಿರಬೇಕು. ಹಿಂದಿನ ಟೈರ್ ಲಗೂ ಸವೀತದ. ಅದನ್ನ ಮುಂದಕ್ಕ, ಮುಂದಿಂದು ಸ್ಟೆಪ್ನಿಗೆ, ಸ್ಟೆಪ್ನಿ ಹಿಂದಕ್ಕ, ಹಿಂಗ ತಿರುಗಿಸಿ ಮೂರನ್ನೂ ಸಮಾ ಸವೆಸ್ತಿದ್ರು. ಸವದ ಸೀರಿ ಕೌದಿಗೆ ಹಾಕೋ ನಮ್ಮ ಲೆಕ್ಕಾನೇ ಅದು.

ಮೋಟಾರ್ ಸೈಕಲ್ಲಿಗೆ ಈ ಸವಲತ್ತು ಇರಲಿಲ್ಲ. 1955ರಿಂದ ಮದ್ರಾಸಿನ್ಯಾಗ ಬುಲೆಟ್, 1961ರಿಂದ ನಮ್ಮ ಮೈಸೂರಾಗ ಜಾವಾ ತಯಾರಾದವು. ಕಡ್ಡಿ ಗಾಲಿ, ಒಳಗ ಟ್ಯೂಬು, ಹಿಂದ ಚೈನು. ಸ್ಟೆಪ್ನಿ ಇಲ್ಲ. ಹಿಂಗಾಗಿ ಪಂಚರ್ ಅಂಗಡೀನೇ ಗತಿ. ಆ ಕಾಲಕ್ಕ ರೊಕ್ಕ ಉಳಿಸೋ ಇನ್ನೊಂದು ದಾರಿ ಅಂದ್ರ ಸವದ ಟೈರಿಗೆ ಹೊಸಾ ರಬ್ಬರ್ ಏರಿಸೋದು, ರಿಸೋಲ್ ಅಂತಾರ. 1946ರಾಗ ಮದ್ರಾಸಿನ್ಯಾಗ ಮಕ್ಕಳ ಪುಗ್ಗಾ ಮಾಡ್ಲಿಕ್ಕೆ ಶುರು ಮಾಡಿದ ಎಂಆರ್‌ಎಫ್ ಕಂಪನಿ 1952ರಾಗ ಇಳದದ್ದು ಈ ರಿಸೋಲ್ ರಬ್ಬರಿಗೇ. ಟೈರ್ ಮಾಡಿದ್ದು ಆಮ್ಯಾಲ. ಲಾರಿಗೆ ರಿಸೋಲ್ ಛಲೋ, ಅದಕ್ಕ ಗಾಲಿ ಭಾಳ ಇರ್ತಾವ. ಎರಡು ಗಾಲಿ ಗಾಡಿಗೆ ಮಾತ್ರ ಬ್ಯಾಡ್ರಿ. ಒಂದು ಕೈಕೊಟ್ರ ಉಳಿಯೋದು ಒಂದೇ.

ಈಗಿನ ಟ್ಯೂಬ್‌ಲೆಸ್ ಬಂದ ಮ್ಯಾಲ ಲೆಕ್ಕ ತಿರುವುಮುರುವು ಆಗ್ಯದ. ಪಂಚರ್ ಆದ್ರ ಗಾಲಿ ಬಿಚ್ಚಲಾರದನ ಒಂದು ಬತ್ತಿ ತುರುಕಿದ್ರ ಮುಗೀತು, ಅದು ಅಗ್ಗ. ಆದ್ರ ಟೈರ್ ಬದಲಿಸಬೇಕಂದ್ರ ಅಂಚು ರಿಮ್ಮಿಗೆ ಗಾಳಿ ಸೋರದಂಗ ಕೂಡಬೇಕು. ಸಳಿ ಜೋರು ಹಾಕಿದ್ರ ಅಲಾಯ್ ರಿಮ್ಮಿಗೆ ಗೀರು ಬೀಳ್ತದ, ಅಲ್ಲಿಂದ ಗಾಳಿ ಸೋರ್ತದ. ಅದಕ್ಕ ಮಷೀನ್ ಬೇಕು, ಮಷೀನಿಗೆ ಕೂಲಿ ಬೇಕು. ದುರಸ್ತಿ ಅಗ್ಗ ಆತು, ಬದಲಿ ತುಟ್ಟಿ ಆತು, ಸ್ಟೆಪ್ನೀನೂ ಹೋತು.

ಹಂಗಾರ ನಾವು ಏನು ಮಾಡೋಣು? ಬಿಚ್ಚೋ ಕೆಲಸ ಒಮ್ಮೆಗೇ ಮುಗಿಯೋ ಹಂಗ ನೋಡ್ಕೋಬೇಕು. ಹಿಂದಿನ ಗಾಲಿ ತಗೀಬೇಕಂದ್ರ ಬ್ರೇಕೂ ಬಿಚ್ಚಬೇಕಾಗ್ತದ, ಬೈಕಿಗಾದ್ರ ಚೈನೂ ಸಡ್ಲ ಮಾಡಬೇಕು. ಬ್ರೇಕ್ ಶೂ, ಬೇರಿಂಗ್ ಬದಲಿಸೋದಿದ್ರ ಅವತ್ತೇ ಮಾಡಿಸಿಬಿಡ್ರಿ, ಎರಡು ಸಲ ಕೂಲಿ ಯಾಕ? ಗಾಲಿ ಬಿಚ್ಚೋ ಕೈ ಮನ್ಯಾಗ ಇದ್ರ, ಗಾಡಿ ಬಿಟ್ಟು ಬರೀ ಗಾಲಿ ಒಯ್ಯೋದು ಇನ್ನೂ ಹಗರ. ಅಂಗಡ್ಯಾಗ ಬರೀ ಟೈರಿನ ಬೆಲಿ ಕೇಳಬ್ಯಾಡ್ರಿ. ಟೈರು, ವಾಲ್ವು, ಹಾಕೋ ಕೂಲಿ ಎಲ್ಲಾ ಕೂಡಿ ಎಷ್ಟು ಅಂತ ಕೇಳ್ರಿ. ಎರಡು ಅಂಗಡ್ಯಾಗ ಕೇಳೋದು ಸೀರಿ ತಗೊಳ್ಳೋವಾಗ ನಮಗ ಹೊಸಾದೇನಲ್ಲ. ಟ್ಯೂಬ್ ಇರೋ ಗಾಡಿಗೆ ಹೊಸಾ ಟೈರಿನ ಜೋಡಿ ಹೊಸಾ ಟ್ಯೂಬ್ ಹಾಕಿಸ್ರಿ. ಹಳೇ ಟ್ಯೂಬ್ ಹಿಗ್ಗಿರ್ತದ, ಒಳಗ ನಿರಗಿ ಬಿದ್ದು ಕತ್ತರಿಸ್ತದ.

ತಗೊಳ್ಳೋ ಮೊದಲು ಟೈರಿನ ಬಾಜೂಕ ಮೂರು ಗುರ್ತು ಓದ್ರಿ. ಒಂದು ಐಎಸ್‌ಐ. ಎರಡನೇದು ನಾಕು ಅಂಕಿ, 2324 ಅಂತ ಇದ್ರ 2024ರ 23ನೇ ವಾರದಾಗ ತಯಾರಾದದ್ದು. ವರ್ಷಗಟ್ಟಲೆ ಕೂತ ಮಾಲು ಅಗ್ಗ ಕೊಟ್ರೂ ಬ್ಯಾಡ. ಮೂರನೇದು ಬಾಣದ ಗುರ್ತು, ಗಾಲಿ ತಿರುಗೋ ದಿಕ್ಕಿಗೇ ಅದು ಇರಬೇಕು. ಹಳೇ ಟೈರ್ ಸವದದ್ದು ನೋಡ್ಲಿಕ್ಕೆ ಟಿಡಬ್ಲ್ಯುಐ ಅಂತ ಬರದಿರ್ತದ. ಅದರ ಎದುರಿಗೆ ಗೆರಿ ನಡುವ ಒಂದು ಸಣ್ಣ ದಿಬ್ಬ ಕಾಣ್ತದ. ಟೈರ್ ಸವದು ಆ ದಿಬ್ಬದ ಸಮಾ ಬಂತಂದ್ರ ಮುಂದಿನ ಪಗಾರ ಕಾಯಬ್ಯಾಡ್ರಿ.

ಯಾಕಂದ್ರ ಆ ಗೆರಿ ಇರೋದೇ ರಸ್ತಾದ ನೀರು ಹೊರಗ ಹಾಕ್ಲಿಕ್ಕೆ. ಗೆರಿ ಹೋದ ಮ್ಯಾಲ ಮೊದಲನೇ ಮಳ್ಯಾಗ ಟೈರ್ ನೀರಿನ ಮ್ಯಾಲ ಜಾರ್ತದ. ಹಿಂದ ಒಂದು ಬಾಜು ಕಾಲು ಹಾಕಿ, ತೊಡಿ ಮ್ಯಾಲ ಕೂಸು ಇಟ್ಕೊಂಡು ಕೂತಿರೋರು ನಾವೇ ಅಲ್ಲೇನ್ರಿ. ಅದಕ್ಕ ಟೈರಿನ ರೊಕ್ಕ ಕಡೀ ಸಾಲಿನ್ಯಾಗ ನಿಲ್ಲಿಸಬ್ಯಾಡ್ರಿ. ತಿಂಗಳಾ ಇಷ್ಟು ಅಂತ ಡಬ್ಬಿಯೊಳಗ ಬ್ಯಾರೆ ಇಡ್ರಿ. ಹಿಂದಿನವರು ಸುಗ್ಗಿಗೆ ಆಯ ಅಳದಂಗ.