ಸ್ಕ್ರೋಲ್ ಎಲ್ಲಿ ನಿಲ್ಲಬೇಕು? ಒಂದು ಸಾಲು ಸಿಎಸ್‌ಎಸ್‌ನ ಐದು ವರ್ಷ

ಆಂಡ್ರಾಯ್ಡ್ ಫೋನಿನಲ್ಲಿ ಒಂದು ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ಮೇಲೆ ಬರೆದದ್ದನ್ನ ಇನ್ನೊಮ್ಮೆ ನೋಡೋಣ ಅಂತ ಬೆರಳಲ್ಲಿ ಪುಟವನ್ನು ಕೆಳಗೆಳೆದೆ. ಪುಟ ರಿಫ್ರೆಶ್ ಆಯ್ತು, ತುಂಬಿದ್ದೆಲ್ಲ ಹೋಯ್ತು. ನನ್ನದೇ ತಪ್ಪು ಅಂದುಕೊಂಡೆ. ಆದರೆ ಆ ಸೈಟಿನವರು ಒಂದೇ ಒಂದು ಸಾಲು ಬರೆದು ಇದನ್ನು ತಪ್ಪಿಸಬಹುದಿತ್ತು. ಆ ಸಾಲಿನ ಹೆಸರು 'ಓವರ್‌ಸ್ಕ್ರೋಲ್-ಬಿಹೇವಿಯರ್'.

ಏನಿದು?

ವೆಬ್ ಪುಟ ಹೇಗೆ ಕಾಣಬೇಕು, ಹೇಗೆ ವರ್ತಿಸಬೇಕು ಎಂದು ಬ್ರೌಸರ್‌ಗೆ ಹೇಳುವ ಭಾಷೆ ಸಿಎಸ್‌ಎಸ್. ಸ್ಕ್ರೋಲ್ ಮಾಡುತ್ತಾ ಅಂಚು ಮುಟ್ಟಿದ ಮೇಲೂ ಎಳೆದರೆ ಏನಾಗಬೇಕು ಎಂಬುದನ್ನು ಈ ಪ್ರಾಪರ್ಟಿ ತೀರ್ಮಾನಿಸುತ್ತದೆ. 'ಆಟೊ' ಅಂದರೆ ಎಂದಿನಂತೆ: ಚಾಟ್ ಪೆಟ್ಟಿಗೆಯ ಕೊನೆ ಬಂದರೆ ಹಿಂದಿನ ಪುಟ ಸರಿಯಲು ಶುರುವಾಗುತ್ತದೆ. 'ಕಂಟೈನ್' ಅಂದರೆ ಸ್ಕ್ರೋಲ್ ಆ ಪೆಟ್ಟಿಗೆಯೊಳಗೇ ನಿಲ್ಲುತ್ತದೆ. ಇಡೀ ಪುಟಕ್ಕೆ ಹಾಕಿದರೆ, ಎಳೆದಾಗ ರಿಫ್ರೆಶ್ ಆಗೋದಿಲ್ಲ. 'ನನ್' ಅಂದರೆ ಅಂಚಿನಲ್ಲಿ ಕಾಣುವ ಹೊಳಪು, ಪುಟಿತವೂ ಇರಲ್ಲ.

ಇದಕ್ಕೂ ಮುಂಚೆ ಡೆವಲಪರ್‌ಗಳು ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ಸ್ಪರ್ಶವನ್ನೂ ಹಿಡಿದು ತಡೆಯಬೇಕಿತ್ತು. ಅದರಿಂದ ಸ್ಕ್ರೋಲ್ ಮಾಡುವುದೇ ತಡವರಿಸುತ್ತಿತ್ತು.

ಬ್ರೌಸರ್‌ಗೆ ಸೇರೋದು ಹೇಗೆ?

ಡಬ್ಲ್ಯು3ಸಿ ಸಂಸ್ಥೆಯ ಸಿಎಸ್‌ಎಸ್ ಕಾರ್ಯಗುಂಪಿನಲ್ಲಿ ಕರಡಿನ ಚರ್ಚೆ ನಡೆಯುತ್ತದೆ. ಎಂಜಿನಿಯರ್‌ಗಳು ಕೋಡ್ ಬರೆಯುತ್ತಾರೆ, ಎಲ್ಲ ಬ್ರೌಸರ್‌ಗಳೂ ಹಂಚಿಕೊಳ್ಳುವ ಪರೀಕ್ಷೆಗಳನ್ನೂ ಬರೆಯುತ್ತಾರೆ. ಕ್ರೋಮ್‌ನ ಎಂಜಿನ್ 'ಬ್ಲಿಂಕ್'ನಲ್ಲಾದರೆ ಬಿಡುಗಡೆಯ ಉದ್ದೇಶವನ್ನು ಬಹಿರಂಗವಾಗಿ ಪ್ರಕಟಿಸಿ, ಎಪಿಐ ಹೊಣೆಗಾರರಲ್ಲಿ 3 ಜನರ ಒಪ್ಪಿಗೆ ಪಡೆಯಬೇಕು. ಹೆಸರಿನ ಬಗ್ಗೆಯೂ ಚರ್ಚೆಯಾಗುತ್ತದೆ. ಇದರ ಮೊದಲ ಹೆಸರು 'ಸ್ಕ್ರೋಲ್-ಬೌಂಡರಿ-ಬಿಹೇವಿಯರ್'. ಸೈಟುಗಳು ಒಮ್ಮೆ ಬಳಸಲು ಶುರುಮಾಡಿದರೆ ವಾಪಸ್ ತೆಗೆಯೋದು ಕಷ್ಟ, ಅದಕ್ಕೇ ಇಷ್ಟು ಎಚ್ಚರ.

ಯಾರ ಕೈಲಿದೆ ಬೀಗ?

ಕ್ರೋಮ್ 63ರಲ್ಲಿ ಇದು ಬಂದದ್ದು 2017ರ ಡಿಸೆಂಬರ್‌ನಲ್ಲಿ. ಫೈರ್‌ಫಾಕ್ಸ್ 59, 2018ರ ಮಾರ್ಚ್. ಸಫಾರಿ 16? 2022ರ ಸೆಪ್ಟೆಂಬರ್!

ಆ ಅವಧಿಯಲ್ಲಿ ಐಫೋನ್‌ಗೆ ಕ್ರೋಮ್ ಹಾಕಿಕೊಂಡವರಿಗೂ ಇದು ಸಿಗಲಿಲ್ಲ. ಯಾಕೆಂದರೆ ಐಫೋನ್‌ನಲ್ಲಿ ಯಾವುದೇ ಬ್ರೌಸರ್ ಆದರೂ ಆ್ಯಪಲ್‌ನ 'ವೆಬ್‌ಕಿಟ್' ಎಂಜಿನ್ನನ್ನೇ ಬಳಸಬೇಕೆಂಬ ನಿಯಮವಿತ್ತು. ಹೆಸರು ಕ್ರೋಮ್, ಒಳಗಿರೋದು ಸಫಾರಿಯದೇ ಎಂಜಿನ್. ಯುರೋಪಿಯನ್ ಒಕ್ಕೂಟ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ ತಂದ ಮೇಲಷ್ಟೇ, 2024ರ ಮಾರ್ಚ್‌ನ ಐಒಎಸ್ 17.4ರಲ್ಲಿ, ಅಲ್ಲಿನ ಬಳಕೆದಾರರಿಗೆ ಈ ನಿಯಮ ಸಡಿಲವಾಯಿತು.

ಕರಡು ಎಲ್ಲರ ಮುಂದೆ ಚರ್ಚೆಯಾಯ್ತು, ಕೋಡೂ ಬಹಿರಂಗವಾಗಿತ್ತು. ಆದರೂ ಒಂದು ಕಂಪನಿ ಮನಸ್ಸು ಮಾಡುವವರೆಗೆ ಅದರ ಬಳಕೆದಾರರು ಕಾಯಬೇಕಾಯ್ತು. ಮುಕ್ತ ವೆಬ್ ಅಂತ ನಾವು ಮಾತಾಡುವಾಗ ಮಾನದಂಡ ಬರೆಯುವವರ ಜೊತೆಗೆ, ಅದನ್ನು ತಡೆಹಿಡಿಯುವ ಶಕ್ತಿ ಯಾರಿಗಿದೆ ಅಂತಲೂ ಕೇಳಬೇಕು.