ಅಮೆರಿಕದ ಮಾಂತ್ರಿಕ ವಾಸ್ತವವಾದಿ ಚಿತ್ರಕಾರರು: ಪಂಥವೋ, ಬಳಗವೋ?

ಕನ್ನಡ ಓದುಗರಿಗೆ ‘ಮಾಂತ್ರಿಕ ವಾಸ್ತವವಾದ’ ಎಂದೊಡನೆ ನೆನಪಾಗುವುದು ಲ್ಯಾಟಿನ್ ಅಮೆರಿಕದ ಕಾದಂಬರಿಗಳು. ಆದರೆ ಈ ಪರಿಭಾಷೆ ಮೊದಲು ನೆಲೆಗೊಂಡದ್ದು ಚಿತ್ರಕಲೆಯ ಚರ್ಚೆಯಲ್ಲಿ. 1925ರಲ್ಲಿ ಜರ್ಮನಿಯ ಕಲಾವಿಮರ್ಶಕ ಫ್ರಾಂಟ್ಸ್ ರೋ ತನ್ನ ಕಾಲದ ಹೊಸ ಚಿತ್ರಗಳನ್ನು ಈ ಹೆಸರಿನಿಂದ ಗುರುತಿಸಿದನು. 1943ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವು ‘ಅಮೆರಿಕದ ವಾಸ್ತವವಾದಿಗಳು ಮತ್ತು ಮಾಂತ್ರಿಕ ವಾಸ್ತವವಾದಿಗಳು’ ಎಂಬ ಪ್ರದರ್ಶನವನ್ನು ಏರ್ಪಡಿಸಿತು. ಪಾಲ್ ಕ್ಯಾಡ್ಮಸ್, ಜೇರೆಡ್ ಫ್ರೆಂಚ್, ಆಂಡ್ರ್ಯೂ ವೈಯೆತ್ ಮೊದಲಾದವರ ಚಿತ್ರಗಳು ಅಲ್ಲಿದ್ದವು. ಹೆಸರನ್ನು ಇಟ್ಟವರು ಸಂಗ್ರಹಾಲಯದವರೇ ಹೊರತು ಚಿತ್ರಕಾರರಲ್ಲ ಎಂಬುದು ಗಮನಾರ್ಹ.

ಕಲಾ ಇತಿಹಾಸದಲ್ಲಿ ಇವರನ್ನು ಒಂದು ಪಂಥವೆಂದು ವರ್ಗೀಕರಿಸುವುದುಂಟು. ಪಂಥಕ್ಕೆ ಬೇಕಾದ ಪ್ರಣಾಳಿಕೆಯಾಗಲಿ ಘೋಷಣೆಯಾಗಲಿ ಇವರಿಗಿರಲಿಲ್ಲ. ಜಾನಪದ ಅಧ್ಯಯನದ ಕಣ್ಣಿನಿಂದ ನೋಡಿದರೆ, ಕ್ಯಾಡ್ಮಸ್ ಮತ್ತು ಫ್ರೆಂಚರ ಸುತ್ತ ಕಾಣುವುದು ಒಂದು ಬಳಗ. ಸ್ನೇಹ, ನೆಂಟಸ್ತನ ಮತ್ತು ಕೈಯಿಂದ ಕೈಗೆ ದಾಟಿದ ಕಸುಬು ಅದನ್ನು ಕಟ್ಟಿದ್ದವು.

ಇವರಿಬ್ಬರೂ 1931ರಿಂದ 1933ರವರೆಗೆ ಯೂರೋಪಿನಲ್ಲಿ ಜೊತೆಯಾಗಿದ್ದರು. 1937ರಲ್ಲಿ ಫ್ರೆಂಚ್ ಚಿತ್ರಕಾರ್ತಿ ಮಾರ್ಗರೆಟ್ ಹೋನಿಂಗಳನ್ನು ಮದುವೆಯಾದ ಮೇಲೂ ಕ್ಯಾಡ್ಮಸನ ಒಡನಾಟ ಮುರಿಯಲಿಲ್ಲ. ಕ್ಯಾಡ್ಮಸನ ತಂಗಿ ಫಿಡೆಲ್ಮಾ 1941ರಲ್ಲಿ ಲಿಂಕನ್ ಕರ್ಸ್ಟೀನನ ಕೈಹಿಡಿದಳು. ಅಮೆರಿಕದಲ್ಲಿ ಬ್ಯಾಲೆ ನೃತ್ಯಕ್ಕೆ ನೆಲೆ ಒದಗಿಸಿದ ಈ ಕರ್ಸ್ಟೀನನೇ 1943ರ ಪ್ರದರ್ಶನದ ಕೈಪಿಡಿಗೆ ಪ್ರಸ್ತಾವನೆ ಬರೆದವನು.

ಪಾಲ್, ಜೇರೆಡ್, ಮಾರ್ಗರೆಟ್ ಮೂವರೂ ಬೇಸಗೆಯಲ್ಲಿ ಕಡಲತೀರಗಳಿಗೆ ಹೋಗಿ, ಗೆಳೆಯರನ್ನು ಮರಳಿನ ಮೇಲೆ ನಿಲ್ಲಿಸಿ ಛಾಯಾಚಿತ್ರ ತೆಗೆಯುತ್ತಿದ್ದರು. ಮೂರು ಹೆಸರುಗಳ ಮೊದಲ ಅಕ್ಷರಗಳಿಂದ ‘ಪಾಜಾಮ’ ಎಂಬ ಅಂಕಿತ ಹುಟ್ಟಿತು. ಕ್ಯಾಮೆರಾ ಕೈಬದಲಾಗುತ್ತಿದ್ದುದರಿಂದ ಯಾವ ಚಿತ್ರ ಯಾರದೆಂದು ಹೇಳುವುದು ಕಷ್ಟ. ಮುದ್ರಿಸಿದ ಪ್ರತಿಗಳನ್ನು ಗೆಳೆಯರಿಗೆ ಹಂಚುತ್ತಿದ್ದರು. ಕರ್ತೃ ಮರೆಯಾಗಿ ಸಮೂಹ ಉಳಿಯುವ ಇಂಥ ರಚನಾಕ್ರಮ ಜನಪದ ವಿದ್ವಾಂಸರಿಗೆ ಅಪರಿಚಿತವಲ್ಲ.

ಈ ಒಳವಲಯಕ್ಕೆ ಕಾರಣವೂ ಇತ್ತು. ಸಲಿಂಗ ಪ್ರೇಮವು ಆಗ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅಪರಾಧವಾಗಿತ್ತು. ಬಳಗದ ಹಲವರ ಬದುಕು ಅದಕ್ಕೆ ಸಂಬಂಧಿಸಿದ್ದಾಗಿತ್ತು. ರಜೆಯ ಮೇಲೆ ದಡಕ್ಕಿಳಿದ ನಾವಿಕರ ಮೋಜನ್ನು ಕ್ಯಾಡ್ಮಸ್ 1934ರಲ್ಲಿ ಸರ್ಕಾರಿ ಯೋಜನೆಯೊಂದರ ಅಡಿಯಲ್ಲೇ ಚಿತ್ರಿಸಿದ್ದನು. ‘ದ ಫ್ಲೀಟ್ಸ್ ಇನ್’ ಎಂಬ ಆ ಚಿತ್ರವನ್ನು ನಿವೃತ್ತ ನೌಕಾಧಿಪತಿಯೊಬ್ಬನ ಆಕ್ಷೇಪದಿಂದಾಗಿ ವಾಷಿಂಗ್ಟನ್ನಿನ ಪ್ರದರ್ಶನದಿಂದ ತೆಗೆದುಹಾಕಲಾಯಿತು. ಪತ್ರಿಕೆಗಳು ಅದನ್ನು ಅಚ್ಚುಹಾಕಿದವು. ಬಚ್ಚಿಡಹೋದದ್ದೇ ಚಿತ್ರಕಾರನಿಗೆ ಹೆಸರು ತಂದಿತು. ಮೂಲಚಿತ್ರ ಮಾತ್ರ ದಶಕಗಳ ಕಾಲ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ.

ಬಳಗದ ನಿಜವಾದ ಸಂಪತ್ತು ಮೊಟ್ಟೆಯ ಟೆಂಪೆರಾ ಎಂಬ ಹಳೆಯ ವಿಧಾನ. ಇಟಲಿಯ ಚೆನ್ನಿನೋ ಚೆನ್ನಿನಿ ಬರೆದಿಟ್ಟಿದ್ದ ಚಿತ್ರಕರ್ಮದ ಕೈಪಿಡಿಯನ್ನು ಡೇನಿಯಲ್ ಥಾಂಪ್ಸನ್ 1933ರಲ್ಲಿ ಇಂಗ್ಲಿಷಿಗೆ ತಂದಿದ್ದನು. ಫ್ರೆಂಚನಿಂದ ಕ್ಯಾಡ್ಮಸನಿಗೆ, ಕ್ಯಾಡ್ಮಸನಿಂದ ಕಿರಿಯ ಜಾರ್ಜ್ ಟೂಕರನಿಗೆ ಈ ವಿದ್ಯೆ ದಾಟಿತು. ಬಣ್ಣದ ಪುಡಿಯನ್ನು ನೀರು ಮತ್ತು ಮೊಟ್ಟೆಯ ಹಳದಿಯೊಡನೆ ಕಲಸಿ, ಬಿಳಿ ಲೇಪ ಕೊಟ್ಟ ಹಲಗೆಯ ಮೇಲೆ ಸಣ್ಣ ಕುಂಚದಿಂದ ಗೆರೆಗೆರೆಯಾಗಿ ತುಂಬಬೇಕು. ಬಣ್ಣ ಬೇಗನೆ ಆರುವುದರಿಂದ ಎಣ್ಣೆಬಣ್ಣದಂತೆ ಹಲಗೆಯ ಮೇಲೆ ಬೆರೆಸಲಾಗದು. ಅವಸರದ ಕೈಗೆ ಇದು ಒಗ್ಗುವುದೇ ಇಲ್ಲ. ಈ ಚಿತ್ರಗಳ ಮನುಷ್ಯರಲ್ಲಿ ಕಾಣುವ ಕಲ್ಲಿನಂಥ ನಿಶ್ಚಲತೆಯನ್ನು ವಿಮರ್ಶಕರು ಕನಸಿಗೆ ಸಂಬಂಧಿಸುತ್ತಾರೆ. ಅದರಲ್ಲಿ ಅರ್ಧಪಾಲಾದರೂ ಸಾಮಗ್ರಿಯ ಗುಣವೆನ್ನಬೇಕು.

ಟೂಕರನ ‘ಸಬ್‌ವೇ’ (1950) ಇದಕ್ಕೆ ಉತ್ತಮ ನಿದರ್ಶನ. ನೆಲದಡಿಯ ರೈಲುನಿಲ್ದಾಣದ ತಗ್ಗು ಚಾವಣಿ, ಸರಳುಗಳು, ಎತ್ತ ಹೋದರೂ ಮುಗಿಯದ ಓಣಿಗಳು, ನಡುವೆ ಭೀತಿಯಿಂದ ಕಂಗೆಟ್ಟ ಹೆಂಗಸು. ಇಲ್ಲಿ ಅಲೌಕಿಕವಾದ ಒಂದು ವಸ್ತುವೂ ಇಲ್ಲ. ‘ಗವರ್ನಮೆಂಟ್ ಬ್ಯೂರೋ’ದಲ್ಲಿ (1956) ಮಂಜುಗಾಜಿನ ಕಿಂಡಿಗಳಿಂದ ಗುಮಾಸ್ತರ ಕಣ್ಣು, ಮೂಗುಗಳಷ್ಟೇ ಕಾಣುತ್ತವೆ. ಸರ್ಕಾರಿ ಕಚೇರಿಯಲ್ಲಿ ಸರದಿ ನಿಂತವರಿಗೆ ಇದರ ವ್ಯಾಖ್ಯಾನ ಬೇಕಾಗಿಲ್ಲ. ತಾನು ಭ್ರಮೆಯನ್ನು ಚಿತ್ರಿಸುತ್ತಿಲ್ಲವೆಂಬುದೇ ಟೂಕರನ ನಿಲುವಾಗಿತ್ತು.

ಎರಡನೆಯ ಮಹಾಯುದ್ಧದ ತರುವಾಯ ಅಮೂರ್ತ ಅಭಿವ್ಯಕ್ತಿವಾದದ ಅಬ್ಬರದಲ್ಲಿ ಇವರೆಲ್ಲ ಹಿಂದೆ ಸರಿದರು. ಟೂಕರ್ 1960ರಲ್ಲಿ ವರ್ಮಾಂಟಿನ ಹಳ್ಳಿಗಾಡಿಗೆ ಹೋಗಿ ನೆಲೆಸಿ, 2011ರಲ್ಲಿ ತೀರಿಕೊಂಡನು. 1976ರಲ್ಲಿ ಕ್ಯಾಥೊಲಿಕ್ ಧರ್ಮ ಸ್ವೀಕರಿಸಿದ ಅವನು ಅಲ್ಲಿನ ವಿಂಡ್ಸರ್ ಎಂಬ ಊರಿನ ಚರ್ಚಿಗಾಗಿ ಏಳು ಸಂಸ್ಕಾರಗಳ ಫಲಕವನ್ನು ಬರೆದುಕೊಟ್ಟನು, ಅದೇ ಮೊಟ್ಟೆಯ ಹಳದಿಯಿಂದ. ಚೆನ್ನಿನಿಯ ಕಾಲದ ಚಿತ್ರಕಾರರು ಆ ಬಣ್ಣವನ್ನು ಅರೆಯುತ್ತಿದ್ದುದೂ ಚರ್ಚಿನ ಫಲಕಗಳಿಗಾಗಿಯೇ.