ವಿದ್ಯುಜ್ಜಾಲಸಂಯೋಗದ ಪ್ರಮಾಣಗಳೂ ಅವುಗಳ ಬೋಧನೆಯೂ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಸಂತೇಬೆನ್ನೂರು ಇತಿಹಾಸಜ್ಞರಿಗೆ ತನ್ನ ಪುಷ್ಕರಿಣಿಯಿಂದ ಪರಿಚಿತವಾದುದು. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದ ಆ ಕೊಳವೂ, ಅದೇ ತಾಲ್ಲೂಕಿನ ಸೂಳೆಕೆರೆಯೂ ಈ ಸೀಮೆಯ ಜನರಿಗೆ ಜಲನಿರ್ವಹಣೆಯಲ್ಲಿದ್ದ ನೈಪುಣ್ಯಕ್ಕೆ ಸಾಕ್ಷಿಯಾಗಿವೆ. ಕೆರೆಗಳ ನಾಡಿನಲ್ಲಿ ತೂಬನ್ನು ಎಂದು ಎತ್ತಬೇಕು, ಎಂದು ಮುಚ್ಚಬೇಕು ಎಂಬುದನ್ನು ಬಲ್ಲವನು ನೀರುಗಂಟಿ; ಅವನ ವಿದ್ಯೆಯು ಗ್ರಂಥಸ್ಥವಾಗಿರದೆ ತಂದೆಯಿಂದ ಮಗನಿಗೆ ಬರುತ್ತಿತ್ತು. ವಿದ್ಯುಚ್ಛಕ್ತಿಯ ವಿಷಯದಲ್ಲಿ ಇಂತಹ ಪರಂಪರೆಯು ಸಾಲದು. ಅಲ್ಲಿ ತಪ್ಪು ತಿದ್ದಿಕೊಳ್ಳಲು ಇರುವ ಅವಕಾಶವು ಕ್ಷಣದ ಅಂಶಮಾತ್ರವಾದುದರಿಂದ, ಬರೆದಿಟ್ಟ ಪ್ರಮಾಣವೂ ಅದನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆಯೂ ಅವಶ್ಯವಾದವು. ಈ ಎರಡೂ ಕರ್ಣಾಟಕದಲ್ಲಿ ಹೇಗೆ ಬೆಳೆದು ಬಂದವೆಂಬುದು ವಿಚಾರಾರ್ಹವಾಗಿದೆ.

1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರವು ಕೆಲಸವನ್ನಾರಂಭಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ಅಷ್ಟು ದೀರ್ಘವಾದ ತಂತಿಮಾರ್ಗವು ಆ ಕಾಲದ ಜಗತ್ತಿನಲ್ಲಿಯೇ ವಿರಳವಾಗಿತ್ತು. 1905ರಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರಿಗೂ ದೀಪಗಳು ಬಂದವು. ಆದರೆ ಆಗಿನದು ಒಂದೇ ಮೂಲದ ವ್ಯವಸ್ಥೆ: ಶಕ್ತಿಯು ಒಂದೆಡೆಯಲ್ಲಿ ಹುಟ್ಟಿ ಒಂದೇ ದಿಕ್ಕಿನಲ್ಲಿ ಹರಿಯುತ್ತಿತ್ತು. ಆ ಯಂತ್ರಗಳ ಆವೃತ್ತಿ ಸೆಕೆಂಡಿಗೆ 25 ಆವರ್ತಗಳೆಂಬುದರಿಂದ ಯಾರಿಗೂ ತೊಡಕಾಗಲಿಲ್ಲ. ಜೊತೆಗೂಡಬೇಕಾದ ಇನ್ನೊಂದು ಮೂಲವೇ ಇರಲಿಲ್ಲ.

ಶಿಂಷಾ ಮತ್ತು 1948ರಲ್ಲಿ ಜೋಗ ಇವುಗಳ ವಿದ್ಯುದಾಗಾರಗಳು ಬಂದ ಮೇಲೆ ಸಂಯೋಗದ ಪ್ರಶ್ನೆಯು ತಲೆದೋರಿತು. ಎರಡು ಯಂತ್ರಗಳನ್ನು ಒಂದೇ ತಂತಿಗೆ ಕೂಡಿಸಬೇಕಾದರೆ ವೋಲ್ಟೇಜು, ಆವೃತ್ತಿ, ಕಲೆ ಎಂಬ ಮೂರೂ ಸರಿಹೊಂದಿರಬೇಕು. ಇಲ್ಲಿ ಕಲೆಯೆಂದರೆ ತರಂಗವು ಏರಿಳಿಯುವ ಹಂತ. ಚಂದ್ರಕಲೆಯನ್ನು ನೆನೆದರೆ ಅರ್ಥವು ವಿಶದವಾಗುತ್ತದೆ. ಇವು ಹೊಂದದಿರುವಾಗ ಸ್ವಿಚ್ಚನ್ನು ಹಾಕಿದರೆ ಯಂತ್ರದ ದಂಡವೇ ತಿರುಚಿಹೋಗಬಹುದು. ಈ ವಿದ್ಯೆಯನ್ನು ಕಲಿಸುವ ಶಾಲೆಗಳು ಅಷ್ಟರಲ್ಲಿಯೇ ನೆಲೆಗೊಂಡಿದ್ದುದು ನಾಡಿನ ಭಾಗ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1911ರಲ್ಲಿ ಪಾಠಗಳು ಆರಂಭವಾದಾಗ ವಿದ್ಯುತ್ತಂತ್ರವು ಮೊದಲ ವಿಭಾಗಗಳಲ್ಲೊಂದಾಗಿತ್ತು. 1917ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಸಂತೇಬೆನ್ನೂರಿನ ಸೀಮೆಗೆ ಸಮೀಪವಾದ ದಾವಣಗೆರೆಯಲ್ಲಿ 1951ರಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಇಷ್ಟಾದರೂ ಸಂಯೋಗದ ವಿದ್ಯೆಯು ಬಹುಕಾಲ ದೊಡ್ಡ ಆಗಾರಗಳ ಕೆಲವೇ ಇಂಜಿನಿಯರುಗಳ ಸೊತ್ತಾಗಿತ್ತು. ಹಳ್ಳಿಯ ಲೈನ್‌ಮನ್ನಿಗೆ ಅದರ ಗೊಡವೆಯಿರಲಿಲ್ಲ.

2013ನೆಯ ಇಸವಿಯು ಈ ಚರಿತ್ರೆಯಲ್ಲಿ ಗುರುತಿಸತಕ್ಕದ್ದು. ಆ ವರ್ಷದ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದೇಶದ ಜಾಲವು ಉತ್ತರದ ಜಾಲದೊಡನೆ ಕೂಡಿ, ಭಾರತವೆಲ್ಲವೂ 50 ಆವರ್ತಗಳ ಏಕತಾಳಕ್ಕೆ ಬಂದಿತು. ಅದೇ ವರ್ಷ ಕೇಂದ್ರ ವಿದ್ಯುತ್ ಪ್ರಾಧಿಕಾರವು 2003ರ ವಿದ್ಯುಚ್ಛಕ್ತಿ ಕಾಯಿದೆಯಂತೆ, ಚದರಿದ ಚಿಕ್ಕ ಉತ್ಪಾದಕರನ್ನು ಜಾಲಕ್ಕೆ ಸೇರಿಸುವ ನಿಯಮಗಳನ್ನು ಪ್ರಕಟಿಸಿತು. ಒಂದು ಕಡೆ ಜಾಲವು ಹಿಮಾಲಯದವರೆಗೆ ವ್ಯಾಪಿಸಿತು; ಇನ್ನೊಂದು ಕಡೆ ಗೃಹಸ್ಥನ ಮಹಡಿಯೂ ವಿದ್ಯುದಾಗಾರವಾಯಿತು. ಚನ್ನಗಿರಿ ಸೀಮೆಗೆ ವಿದ್ಯುತ್ತನ್ನೊದಗಿಸುವ ಬೆಸ್ಕಾಂ ಸಂಸ್ಥೆಯು ಮರುವರ್ಷದಿಂದ ಮಹಡಿಯ ಸೌರಫಲಕಗಳಿಗೆ ನಿವ್ವಳ ಮಾಪನದ ಪದ್ಧತಿಯನ್ನು ಆಚರಣೆಗೆ ತಂದಿತು.

ಆ ನಿಯಮಗಳ ಶೈಲಿಯು ಸೂತ್ರಶೈಲಿ. ವೋಲ್ಟೇಜು ನೂರಕ್ಕೆ 110ನ್ನು ಮೀರಿದರೆ ಅಥವಾ 80ಕ್ಕಿಂತ ಇಳಿದರೆ 2 ಸೆಕೆಂಡುಗಳೊಳಗೆ ಬಿಡಿಸಿಕೊಳ್ಳತಕ್ಕದ್ದು, ಆವೃತ್ತಿಯು 50.5ಕ್ಕೆ ಏರಿದರೆ ಅಥವಾ 47.5ಕ್ಕಿಂತ ಇಳಿದರೆ 0.2 ಸೆಕೆಂಡಿನಲ್ಲಿ, ಜಾಲವು ಮರಳಿ ಸ್ಥಿರವಾಗಿ 60 ಸೆಕೆಂಡುಗಳು ಕಳೆದ ಮೇಲಲ್ಲದೆ ಮತ್ತೆ ಕೂಡತಕ್ಕದ್ದಲ್ಲ. ಅಂಕಿಗಳನ್ನು ಕಂಠಪಾಠ ಮಾಡುವುದು ಕಷ್ಟವಲ್ಲ. ಅವುಗಳ ಹೇತುವನ್ನು ತಿಳಿಯುವುದೇ ಶಿಕ್ಷಣ.

ಇವುಗಳಲ್ಲಿ ಪ್ರಾಣಕ್ಕೆ ಹತ್ತಿರವಾದುದು 'ದ್ವೀಪ'ದ ಸೂತ್ರ. ಎರಡು ಕಡೆಯಲ್ಲಿಯೂ ನೀರುಳ್ಳದ್ದು ದ್ವೀಪವೆಂದು ವೈಯಾಕರಣರ ವ್ಯುತ್ಪತ್ತಿ. ಇಲ್ಲಿ ಸುತ್ತಲೂ ಇರುವುದು ಶಕ್ತಿಯ ಅಭಾವ, ನಡುವೆ ಮಾತ್ರ ಶಕ್ತಿ. ಸಂತೇಬೆನ್ನೂರಿನಂತಹ ಊರೊಂದರಲ್ಲಿ ತಂತಿ ಹರಿದು, ಲೈನ್‌ಮನ್ನನು ಉಪಕೇಂದ್ರದಿಂದ ಎಲ್.ಸಿ. ತೆಗೆದುಕೊಂಡು ಕಂಬವನ್ನೇರುತ್ತಾನೆ ಎಂದಿಟ್ಟುಕೊಂಡರೆ, ಫೀಡರು ನಿಂತಿರುವುದರಿಂದ ತಂತಿಯು ನಿರ್ಜೀವವೆಂಬುದು ಅವನ ನಂಬಿಕೆ. ಆದರೆ ಹತ್ತಿರದ ಮಹಡಿಯ ಇನ್‌ವರ್ಟರು ನಿಲ್ಲದೆ ಹೋದರೆ ಮನೆಯಿಂದ ಹೊರಟ 230 ವೋಲ್ಟು ಅವನ ಕೈಗೆ ತಲುಪುವುದು. ಟ್ರಾನ್ಸ್‌ಫಾರ್ಮರನ್ನು ಹಿಂದುಮುಖವಾಗಿ ಹೊಕ್ಕರೆ ಅದೇ 11,000ದ ಮಟ್ಟಕ್ಕೆ ಏರುವುದು. ಆದಕಾರಣ ಅನುದ್ದಿಷ್ಟವಾದ ದ್ವೀಪವುಂಟಾದ 2 ಸೆಕೆಂಡುಗಳಲ್ಲಿ ಇನ್‌ವರ್ಟರು ತಾನಾಗಿ ಮೌನವಹಿಸಬೇಕೆಂದೂ, ಕಣ್ಣಿಗೆ ಕಾಣುವಂತೆ ಕೈಯಿಂದ ಬಿಡಿಸಬಹುದಾದ ಸ್ವಿಚ್ಚು ಇರಬೇಕೆಂದೂ ವಿಧಿಸಿದೆ. ಯಂತ್ರವನ್ನು ನಂಬಿ ಕೈಸ್ವಿಚ್ಚನ್ನು ಅಲಕ್ಷಿಸುವವನೂ, ಇವೆರಡನ್ನೂ ನಂಬಿ ಭೂಸಂಪರ್ಕದ ಸರಳನ್ನು ಹಾಕದವನೂ ಅರ್ಧಪಾಠವನ್ನು ಕಲಿತವರೇ.

ಸೂತ್ರಕ್ಕೆ ವಾರ್ತಿಕವು ಬೇಕಾಗುವುದು ಇಲ್ಲಿಯೂ ಉಂಟು. ಜರ್ಮನಿಯಲ್ಲಿ ಆವೃತ್ತಿಯು 50.2ನ್ನು ಮುಟ್ಟಿದೊಡನೆಯೇ ಸೌರಯಂತ್ರಗಳೆಲ್ಲವೂ ಕಳಚಿಕೊಳ್ಳಬೇಕೆಂಬ ನಿಯಮವಿತ್ತು. ಯಂತ್ರಗಳು ಅಲ್ಪವಾಗಿದ್ದಾಗ ಅದು ರಕ್ಷಕವಾಗಿತ್ತು. ಅವು ಲಕ್ಷಗಟ್ಟಲೆಯಾದ ಮೇಲೆ ಏಕಕಾಲದ ನಿರ್ಗಮನದಿಂದ ಇಡೀ ಜಾಲವೇ ಕುಸಿಯಬಹುದೆಂಬುದು ಗೊತ್ತಾಗಿ, 2012ರಲ್ಲಿ ಶಾಸನ ಮಾಡಿ ಹಳೆಯ ಯಂತ್ರಗಳನ್ನು ತಿದ್ದಿಸಬೇಕಾಯಿತು. ಅಮೆರಿಕದ ಐಇಇಇ 1547 ಎಂಬ ಪ್ರಮಾಣಗ್ರಂಥವು 2003ರಲ್ಲಿ ಕ್ಷೋಭೆಯುಂಟಾದರೆ ಬಿಟ್ಟುಹೋಗು ಎಂದಿತು. 2018ರಲ್ಲಿ, ಅಲ್ಪಕ್ಷೋಭೆಯನ್ನು ಸಹಿಸಿ ನಿಲ್ಲು ಎಂದಿತು. ಭಾರತದ ನಿಯಮಗಳೂ 2019ರಲ್ಲಿ ತಿದ್ದುಪಡಿಯನ್ನು ಹೊಂದಿ, ವಿದ್ಯುದ್ವಾಹನಗಳ ಚಾರ್ಜಿಂಗ್ ಕೇಂದ್ರಗಳನ್ನೂ ಒಳಗೊಂಡವು. ಅಂಕಿಯನ್ನು ಮಾತ್ರ ಕಲಿತ ಇಂಜಿನಿಯರನಿಗೆ ಇಂತಹ ಪರಿವರ್ತನೆಯು ವಿರೋಧವಾಗಿ ತೋರುವುದು. ಹೇತುವನ್ನು ಕಲಿತವನು ಎರಡರ ತಾತ್ಪರ್ಯವೂ ಜಾಲದ ಕ್ಷೇಮವೇ ಎಂದು ಅರಿಯುವನು.

ಬೋಧನೆಯ ವ್ಯವಸ್ಥೆಯು ಸಮವಾಗಿ ಹರಡಿಲ್ಲ. 2010ರ ಸುರಕ್ಷತಾ ನಿಯಮಗಳು ವಿದ್ಯುತ್ ನೌಕರರಿಗೆ ತರಬೇತಿಯನ್ನು ಕಡ್ಡಾಯ ಮಾಡಿದವು. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ, ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಶಾಖೆಯೂ ಇವೆ. 2015ರಿಂದ 'ಸೂರ್ಯಮಿತ್ರ' ಎಂಬ ಯೋಜನೆಯಲ್ಲಿ ಫಲಕಗಳನ್ನು ಜೋಡಿಸುವ ಯುವಕರು ತಯಾರಾದರು. ಆದರೆ ಜೋಡಿಸುವವನ ಪಾಠ ಬೇರೆ, ಜೋಡಣೆಯನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವ ಉಪವಿಭಾಗದ ಇಂಜಿನಿಯರನ ಪಾಠ ಬೇರೆ. ಎರಡನೆಯದಕ್ಕೆ ಮೊದಲನೆಯದರಷ್ಟು ಗಮನವು ಸಂದಂತೆ ತೋರುವುದಿಲ್ಲ.

ಭಾಷೆಯ ತೊಡಕೂ ಒಂದುಂಟು. ಕೇಂದ್ರದ ನಿಯಮಗಳು ಭಾರತದ ರಾಜಪತ್ರದಲ್ಲಿ ಅಚ್ಚಾದುದು ಹಿಂದಿ ಮತ್ತು ಇಂಗ್ಲಿಷುಗಳಲ್ಲಿ. ಕಂಬದ ಕೆಳಗಿನ ಸಂಭಾಷಣೆಯು ಕನ್ನಡದಲ್ಲಿ. 'ಆಂಟಿ-ಐಲಾಂಡಿಂಗ್' ಎಂಬುದನ್ನು 'ದ್ವೀಪನಿರೋಧ'ವೆಂದು ಭಾಷಾಂತರಿಸಿದರೆ ಪಂಡಿತರಿಗೆ ರುಚಿಸೀತು, ಲೈನ್‌ಮನ್ನಿಗೆ ಅರ್ಥವಾಗದು. 'ಸಪ್ಲೈ ನಿಂತ ಮೇಲೆ ಮನೆ ಕಡೆಯಿಂದ ಕರೆಂಟು ಬರದಂತೆ ತಡೆಯುವುದು' ಎಂದರೆ ಅವನು ಮೊದಲು ಎತ್ತಿ ನೋಡುವುದು ಯಾವ ಯಾವ ಮಹಡಿಯ ಮೇಲೆ ಫಲಕಗಳಿವೆ ಎಂಬುದನ್ನು.